ವೀರಬಾಹುವಿನ ನೆಲ

ಹರಿಶ್ಚಂದ್ರ ಕಾವ್ಯದ ಸ್ಮಶಾನದ ಭಾಗವನ್ನು ಪದವಿ ತರಗತಿಗೆ ಪಾಠ ಮಾಡುವಾಗ ಮೊದಲೆರಡು ವರ್ಷ ನಾನು ನನ್ನ ಮೇಷ್ಟ್ರುಗಳು ನನಗೆ ಹೇಳಿದ್ದನ್ನೇ ಹೇಳುತ್ತಿದ್ದೆ. ಬದುಕು ಒಂದು ಪಯಣ. ಅಯೋಧ್ಯೆ ಹೊರಡುವ ಜಾಗ, ಕಾಶಿ ಮುಟ್ಟುವ ಜಾಗ. ನಡುವೆ ಬರುವ ಕಾಡು, ಕಾಡ್ಗಿಚ್ಚು, ಸಾಲ ವಸೂಲಿಗೆ ಬೆನ್ನುಹತ್ತಿದ ನಕ್ಷತ್ರಕ, ಇವೆಲ್ಲ ಮನುಷ್ಯ ದಾಟಬೇಕಾದ ಕಷ್ಟಗಳ ಸಂಕೇತ. ಸ್ಮಶಾನವೆಂದರೆ ಅಹಂಕಾರ ಸುಟ್ಟು ಬೂದಿಯಾಗುವ ಜಾಗ. ಅಲ್ಲಿ ಅರಸನೂ ಒಂದೇ, ಆಳೂ ಒಂದೇ. ಹುಡುಗರು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದರೆ ಇಷ್ಟು ಸಾಕು.

ಮೂರನೆಯ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹೊಳೆದಂಡೆಯ ಹಳ್ಳಿಯೊಂದರಿಂದ ಬಸ್ಸಿಗೆ ಬರುವವನು. "ಸಾರ್, ಎಲ್ಲಾ ಒಂದೇ ಅಂತೀರಿ. ನಮ್ಮೂರಾಗೆ ಸುಡುಗಾಡು ಮೂರು ಅದಾವೆ" ಅಂದ. ತರಗತಿ ನಕ್ಕಿತು. ಅವನೂ ನಕ್ಕ. ಆಮೇಲೆ ಕೂರುತ್ತಾ, ನನಗಷ್ಟೇ ಕೇಳುವ ಹಾಗೆ, "ನಮ್ದಕ್ಕೆ ದಾರಿ ಇಲ್ಲ ಸಾರ್" ಅಂದ.

ನಾನು ಮುಂದಿನ ಪದ್ಯಕ್ಕೆ ಹೋದೆ. ಹೋಗಬಾರದಿತ್ತು. ಅವನು ಹೇಳಿದ್ದು ನನಗೆ ಹೊಸದೇನಾಗಿರಲಿಲ್ಲ. ನಮ್ಮೂರಿನದೂ ಅದೇ ಕತೆ. ಹೊಸದಾಗಿದ್ದುದು ಏನೆಂದರೆ, ನಾನು ಹುಟ್ಟಿ ಬೆಳೆದ ಕೇರಿಯನ್ನು ಹೊರಗೆ ಬಿಟ್ಟು ತರಗತಿಯ ಬಾಗಿಲು ದಾಟುತ್ತಿದ್ದೆ ಎಂಬುದು. ಈ ಲೇಖನ ಆ ಹುಡುಗನಿಗೆ ಅವತ್ತು ಕೊಡದೆ ಉಳಿಸಿಕೊಂಡ ಉತ್ತರ ಎಂದು ತಿಳಿಯಬಹುದು.

ರಾಘವಾಂಕ ಹಂಪೆಯ ಕವಿ. ಹರಿಹರನ ಸೋದರಳಿಯ, ಅವನ ಶಿಷ್ಯ. ಕಾಲ ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಮೊದಲ ಭಾಗ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮನುಷ್ಯರನ್ನು ಹೊಗಳಿ ಕಾವ್ಯ ಬರೆದನೆಂದು ಮಾವ ಹೊಡೆದು ಅಳಿಯನ ಐದು ಹಲ್ಲು ಉದುರಿದವು, ಅವನು ಶಿವಭಕ್ತರ ಮೇಲೆ ಐದು ಕಾವ್ಯ ಬರೆದು ಹಲ್ಲು ವಾಪಸು ಪಡೆದ ಎಂಬ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿ ನಮ್ಮ ಹೊನ್ನಾಳಿಯನ್ನು ಮುಟ್ಟಿ, ಹರಿಹರ ದಾಟಿ ಹೋಗುವ ಹೊಳೆಯೇ ಹಂಪೆಯಲ್ಲಿ ಅವನ ಮುಂದೆ ಹರಿದದ್ದು. ಇದರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಕಾಶಿಯ ಗಂಗೆಯ ದಂಡೆಯ ಸುಡುಗಾಡನ್ನು ಬರೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ಈ ಹೊಳೆಯ ದಂಡೆಯ ಸುಡುಗಾಡೇ ಇರಬೇಕು ಎಂದು ನಾನು ನಂಬಿದ್ದೇನೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅವನು ಷಟ್ಪದಿಯಲ್ಲಿ ಬರೆದ. ಚಂಪೂವಿನಂತೆ ಪಂಡಿತರ ಮನೆಯೊಳಗೆ ಉಳಿಯದೆ ಹಾಡಿ, ಓದಿ ಹೇಳಲು ಒದಗುವ ಛಂದಸ್ಸು ಅದು. ಹಾಗಾಗಿ ಕತೆ ಬೀದಿಗೆ ಬಂತು, ಬಯಲಾಟಕ್ಕೆ ಬಂತು, ಕಂಪನಿ ನಾಟಕಕ್ಕೆ ಬಂತು. ಗಾಂಧಿ ಹುಡುಗನಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ ಅದನ್ನು ಮನಸ್ಸಿನೊಳಗೇ ಎಷ್ಟೋ ಸಲ ಆಡಿಕೊಂಡೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಫಾಲ್ಕೆ 1913ರಲ್ಲಿ ತೆಗೆದ ಸಿನಿಮಾವೂ ಇದೇ ಕತೆ. ಅಕ್ಷರ ಬಾರದ ನಮ್ಮಜ್ಜನಿಗೂ ಈ ಕತೆ ಗೊತ್ತಿತ್ತು. ಅವನಿಗೆ ಗೊತ್ತಿದ್ದ ಕತೆ ಮಾತ್ರ ಬೇರೆ.

ಮೊದಲು ಪಯಣದ ಮಾತು. ಪಯಣ ಎನ್ನುವವರು ಅದು ಎಲ್ಲಿಂದ ಶುರುವಾಯಿತು ಎಂದು ಕೇಳಬೇಕು. ಸತ್ಯಕ್ಕಾಗಿ ರಾಜ್ಯ ಬಿಟ್ಟ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಕಾವ್ಯ ಹೇಳುವುದು ಅಷ್ಟು ಸರಳವಾಗಿಲ್ಲ. ಬೇಟೆಗೆ ಹೋದ ಅರಸನ ಮುಂದೆ ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ಬಂದು ಹಾಡುತ್ತಾರೆ. ಕಾವ್ಯ ಅವರನ್ನು ಅನಾಮಿಕೆಯರು ಎನ್ನುತ್ತದೆ. ಹೆಸರೇ ಇಲ್ಲದವರು! ಹಾಡು ಕೇಳಿ ಮೆಚ್ಚಿದ ಅರಸ ಉಡುಗೊರೆ ಕೊಡಲು ಹೋಗುತ್ತಾನೆ. ಅವರು ಅವನ ಮುತ್ತಿನ ಸತ್ತಿಗೆ ಕೇಳುತ್ತಾರೆ. ಅದು ವಂಶದಿಂದ ಬಂದದ್ದು, ಕೊಡಲಾಗದು ಎನ್ನುತ್ತಾನೆ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಅರಸ ಕೆರಳುತ್ತಾನೆ. ಆಗ ಆ ಹುಡುಗಿಯರು ಹೂಡುವ ವಾದ ಕನ್ನಡ ಕಾವ್ಯದಲ್ಲೇ ಅಪರೂಪದ್ದು. ನಮ್ಮ ಹಾಡು ನಿನ್ನ ಕಿವಿಗೆ ಬೇಕಾಯಿತು, ನಮ್ಮ ರೂಪ ಕಣ್ಣಿಗೆ ಬೇಕಾಯಿತು, ಅವಕ್ಕಿಲ್ಲದ ಮೈಲಿಗೆ ಮುಟ್ಟುವುದಕ್ಕೆ ಮಾತ್ರ ಎಲ್ಲಿಂದ ಬಂತು ಎಂಬ ಧಾಟಿಯ ಪ್ರಶ್ನೆ. ಅರಸನ ಬಳಿ ಇದಕ್ಕೆ ಉತ್ತರವಿಲ್ಲ. ಹೊಡೆದು ಓಡಿಸುತ್ತಾನೆ. ವಿಶ್ವಾಮಿತ್ರ ಬಂದು, ಇವರನ್ನು ಮದುವೆಯಾಗು, ಎಲ್ಲ ತಪ್ಪನ್ನೂ ಮನ್ನಿಸುತ್ತೇನೆ ಎಂದಾಗ, ಅದೊಂದನ್ನು ಬಿಟ್ಟು ಏನನ್ನಾದರೂ ಕೇಳು ಎನ್ನುತ್ತಾನೆ. ರಾಜ್ಯ ಹೋಗುವುದು ಆ ಮಾತಿನಲ್ಲಿ.

ಅಂದರೆ ಹರಿಶ್ಚಂದ್ರ ಅಯೋಧ್ಯೆಯಿಂದ ಹೊರಟದ್ದು ಹೊಲತಿಯರ ಕೈ ಹಿಡಿಯಲಾರದೆ. ಕುಲ ಉಳಿಸಿಕೊಂಡು ರಾಜ್ಯ ಬಿಟ್ಟ. ಇದನ್ನು ನಮ್ಮ ಹಿರಿಯ ವಿಮರ್ಶಕರು ಕಾಣಲಿಲ್ಲ ಎಂದಲ್ಲ. ಕಂಡು, ಅದು ಆ ಕಾಲದ ಮೌಲ್ಯ ಎಂದು ದಾಟಿಬಿಟ್ಟರು. ಆದರೆ ಆ ಕಾಲ ಎಂದರೆ ಯಾವ ಕಾಲ? ರಾಘವಾಂಕನಿಗಿಂತ ಒಂದೆರಡು ತಲೆಮಾರಿನ ಹಿಂದೆ ಕಲ್ಯಾಣದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ತಂದುಕೊಂಡರೆಂದು ಬಿಜ್ಜಳ ಅಪ್ಪಂದಿರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದು ಶರಣ ಪರಂಪರೆ ಹೇಳುತ್ತದೆ. ಶರಣರು ನಿರಾಕರಿಸಿದ ಐದು ಸೂತಕಗಳಲ್ಲಿ ಜಾತಿಸೂತಕವೂ ಉಂಟು, ಪ್ರೇತಸೂತಕವೂ ಉಂಟು. ಹುಟ್ಟಿನ ಮೈಲಿಗೆ, ಸಾವಿನ ಮೈಲಿಗೆ ಎರಡನ್ನೂ ಒಟ್ಟಿಗೇ ತಳ್ಳಿಹಾಕಿದ ಜನ ಅವರು. ರಾಘವಾಂಕ ಆ ಪರಂಪರೆಯ ಮನೆಯವನೇ. ಅವನಿಗೆ ಈ ಮದುವೆಯ ಪ್ರಶ್ನೆ ಪುರಾಣದ ಪ್ರಶ್ನೆ ಆಗಿರಲು ಸಾಧ್ಯವಿಲ್ಲ. ರಕ್ತ ಆರದ ಪ್ರಶ್ನೆ. ಹುಡುಗಿಯರ ಬಾಯಲ್ಲಿ ಕಲ್ಯಾಣದ ವಾದವನ್ನು ಅಷ್ಟು ಚೂಪಾಗಿ ಇಟ್ಟವನೂ ಅವನೇ, ಅರಸನ ಕೈಯಲ್ಲಿ ಹೊಡೆಸಿದವನೂ ಅವನೇ. ಇದು ಕವಿಯ ಇಬ್ಬಂದಿತನವೋ, ಸೋತ ಚಳವಳಿಯ ಮುಂದಿನ ತಲೆಮಾರಿನ ಅಂಜಿಕೆಯೋ? ನನಗೆ ಎರಡನೆಯದು ಎನ್ನಿಸುತ್ತದೆ. ನಮ್ಮ ಚಳವಳಿಯ ಮಕ್ಕಳಾದ ನಮ್ಮನ್ನೇ ನೋಡಿಕೊಂಡರೆ ಈ ಅಂಜಿಕೆ ಅರ್ಥವಾಗದ್ದೇನಲ್ಲ.

ಇನ್ನು ಸ್ಮಶಾನ. ಕಾಶಿಗೆ ಬಂದ ಅರಸ ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಒಬ್ಬ ಬ್ರಾಹ್ಮಣನಿಗೆ ಮಾರುತ್ತಾನೆ. ಸಾಲ ತೀರುವುದಿಲ್ಲ. ತನ್ನನ್ನು ಮಾರಿಕೊಳ್ಳಲು ನಿಂತಾಗ ಕೊಳ್ಳಲು ಬರುವವನು ಸುಡುಗಾಡಿನ ಒಡೆಯ ವೀರಬಾಹು. ಅರಸ ಮೊದಲು ಸಿಡಿಮಿಡಿಗೊಳ್ಳುತ್ತಾನೆ, ಆಮೇಲೆ ಒಪ್ಪುತ್ತಾನೆ. ಒಪ್ಪಿದ ಮೇಲೆ ಅವನಿಗೆ ಸಿಗುವ ಕೆಲಸ ಏನು? ಇಲ್ಲಿ ವಿಮರ್ಶೆ ತತ್ವಕ್ಕೆ ಹಾರಿಬಿಡುತ್ತದೆ. ಕಾವ್ಯ ಹಾರುವುದಿಲ್ಲ. ಹೆಣ ತಂದವರಿಂದ ಸುಡುವ ನೆಲದ ತೆರೆ ವಸೂಲಿ ಮಾಡುವುದು, ಹೆಣದ ಮೇಲಿನ ಬಟ್ಟೆ ತೆಗೆದುಕೊಳ್ಳುವುದು, ಒಡೆಯನಿಗೆ ಒಪ್ಪಿಸುವುದು. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತುಕೊಂಡು ರಾತ್ರಿ ಬಂದ ತಾಯಿಯನ್ನು ಅವನು ತಡೆಯುವುದೂ ತೆರೆ ಕೊಡದೆ ಸುಡಬಾರದೆಂದೇ. ಹರಿಶ್ಚಂದ್ರನ ಸತ್ಯದ ಕೊನೆಯ ಪರೀಕ್ಷೆಗಳಲ್ಲಿ ಒಂದು ಹೊಲೆಯನ ತೆರಿಗೆಯ ಲೆಕ್ಕದಲ್ಲಿ ನಡೆಯುತ್ತದೆ. ಆ ತೆರೆ ನ್ಯಾಯವಾದದ್ದು, ವೀರಬಾಹುವಿಗೆ ಸಲ್ಲತಕ್ಕದ್ದು ಎಂದು ಒಪ್ಪದಿದ್ದರೆ ಆ ಸತ್ಯಕ್ಕೆ ಅರ್ಥವೇ ಇಲ್ಲ. ಸ್ಮಶಾನ ಯಾರದ್ದೂ ಅಲ್ಲದ ಶೂನ್ಯ ಬಯಲಲ್ಲ. ಅದಕ್ಕೊಬ್ಬ ಯಜಮಾನ ಇದ್ದಾನೆ.

ಇದು ಕವಿಯ ಕಲ್ಪನೆಯೇ? 1873ರಲ್ಲಿ ಜೆ.ಎಸ್.ಎಫ್. ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ ಹಾಸನ ಸೀಮೆಯ ಹಳ್ಳಿಗಳ ಬಗ್ಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದ. ಥರ್ಸ್ಟನ್ 1909ರಲ್ಲಿ ಹೊರತಂದ ತನ್ನ ಜಾತಿ ಬುಡಕಟ್ಟುಗಳ ಸಂಪುಟದಲ್ಲಿ ಅದನ್ನು ಎತ್ತಿಕೊಟ್ಟಿದ್ದಾನೆ. ಊರ ಗಡಿಯ ಜಗಳ ಬಂದರೆ ತೀರ್ಮಾನ ಹೇಳುವ ಹಕ್ಕು ಹೊಲೆಯ ಕುಳವಾಡಿಯದು. ಅವನು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಗಡಿ ನಡೆಯುತ್ತಾನೆ. ಹೆಣ ಹೂಳುವುದಕ್ಕೆ ಮುಂಚೆ ನೆಲಕ್ಕೆಂದು ಕುಳವಾಡಿಗೆ ಕಾಸು ಕೊಡಬೇಕು. ಆ ಕಾಸಿನ ಹೆಸರು ನೆಲಹಾಗ. ಹಾಗ ಎಂದರೆ ಹಣದ ಕಾಲು ಪಾಲಿನ ಹಳೆಯ ನಾಣ್ಯ. ರಾಘವಾಂಕನ ವೀರಬಾಹು ಕೇಳುವ ನೆಲದ ತೆರೆಗೂ ಆರು ನೂರು ವರ್ಷದ ಮೇಲೆ ಕನ್ನಡದ ಹಳ್ಳಿಯಲ್ಲಿ ಕುಳವಾಡಿ ಪಡೆಯುತ್ತಿದ್ದ ನೆಲಹಾಗಕ್ಕೂ ನಡುವೆ ನನಗೆ ಬಹಳ ದೂರ ಕಾಣುವುದಿಲ್ಲ. ಕವಿ ಕಾಶಿ ಎಂದು ಬರೆದರೂ ನೋಡಿದ್ದು ತುಂಗಭದ್ರೆಯ ದಂಡೆ ಎಂದು ನಾನು ಹೇಳಿದ್ದು ಇದಕ್ಕೆ.

ಮೆಕೆಂಜಿ ಇದನ್ನೆಲ್ಲ ಹೊಲೆಯರು ಒಂದು ಕಾಲಕ್ಕೆ ನೆಲದ ಒಡೆಯರಾಗಿದ್ದರ ಕುರುಹು ಎಂದು ಓದುತ್ತಾನೆ. ನಮ್ಮ ಗೆಳೆಯರು ಕೆಲವರು ಭಾಷಣಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುವುದುಂಟು. ನನಗೆ ಈ ಹೆಮ್ಮೆ ಪೂರ್ತಿ ಒಗ್ಗುವುದಿಲ್ಲ. ಒಡೆತನ ಇತ್ತೇನೋ, ಇಲ್ಲವೆನ್ನಲು ನಾನು ಯಾರು? ಆದರೆ ಬಿತ್ತುವ ನೆಲ ಬೇರೆಯವರದಾಗಿ, ಹೂಳುವ ನೆಲವೊಂದು ಮಾತ್ರ ನಮ್ಮದಾಗಿ ಉಳಿದದ್ದು ಎಂಥ ಒಡೆತನ? ಬೇರೆ ಯಾರೂ ಬಯಸದ ಜಾಗಕ್ಕೆ ಯಜಮಾನಿಕೆ ಕೊಟ್ಟು, ಆ ಯಜಮಾನಿಕೆಯ ಹೆಸರಿನಲ್ಲಿ ಗುಂಡಿ ತೋಡಿಸಿಕೊಂಡರು. ಹಾಗ ಕೊಟ್ಟರು, ಎಕರೆ ಇಟ್ಟುಕೊಂಡರು.

ನಮ್ಮಜ್ಜ ಊರಿಗೆ ತೋಟಿ. ಅವನಪ್ಪನೂ ಹೌದು. ಕಾಗದದ ಮೇಲೆ ಈ ಕೆಲಸ ಮುಗಿದು ಬಹಳ ಕಾಲವಾಯಿತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಕಾಯ್ದೆ ಬಂದದ್ದು ಅಜ್ಜನಿಗೆ ಗೊತ್ತಾಗಲು ಇನ್ನಷ್ಟು ವರ್ಷ ಬೇಕಾಯಿತು. ಅಲ್ಲೀತನಕ ರಾತ್ರಿ ಎಷ್ಟೇ ಹೊತ್ತಾಗಿರಲಿ, ಊರಲ್ಲಿ ಒಂದು ಜೀವ ಹೋದರೆ ಮೊದಲು ಎಬ್ಬಿಸುತ್ತಿದ್ದುದು ಅವನನ್ನು. ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸಬೇಕು. ನ್ಯಾಮತಿ ಕಡೆಗೆ ಒಂದು ಊರು, ಹೊಳೆಯಾಚೆ ಒಂದು ಊರು. ಅಂಗಳದಾಚೆ ನಿಂತು ಕೂಗಿ ಹೇಳಬೇಕು, ಒಳಗಿಂದ ಅಳು ಎದ್ದ ಮೇಲೆ ಅವರು ಕೊಟ್ಟ ಕಾಳನ್ನು ಸೆರಗೊಡ್ಡಿ ಇಸಕೊಂಡು ಮುಂದಿನ ಊರಿಗೆ ನಡೆಯಬೇಕು. "ನಾನು ಹೊಂಟ್ರೆ ನಾಯಿಗೂ ಗೊತ್ತಾಗ್ತಿತ್ತು ಕಣ್ಲಾ, ಎಲ್ಲೋ ಸಾವಾಗೇತಿ ಅಂತ" ಎನ್ನುತ್ತಿದ್ದ. ಬದುಕಿನ ಪಯಣ ಎಂದು ನಾನು ತರಗತಿಯಲ್ಲಿ ಹೇಳುವಾಗ ಅವನು ಬರಿಗಾಲಲ್ಲಿ ನಡೆದ ಈ ದಾರಿಗಳು ನನಗೆ ಯಾಕೆ ನೆನಪಾಗುತ್ತಿರಲಿಲ್ಲವೋ!

ವಾಪಸು ಬಂದ ಮೇಲೆ ಗುಂಡಿ. ಜಾತಿಗೊಂದು ಗುಂಡಿ. ಲಿಂಗಾಯತರಿಗೆ ಕೂರಿಸಿ ಮಣ್ಣು ಮಾಡುವುದರಿಂದ ಒಳಗೆ ಪಕ್ಕದಲ್ಲಿ ಗೂಡು ಕೊರೆಯಬೇಕು, ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯಬೇಕು. ಮಲಗಿಸಿ ಹೂಳುವವರಿಗೆ ಉದ್ದ ಗುಂಡಿ. ಹೊಳೆದಂಡೆಯಲ್ಲಿ ಮರಳು ಕುಸಿಯುತ್ತದೆ, ಮೇಲಕ್ಕೆ ಎರೆಮಣ್ಣು, ಬೇಸಿಗೆಯಲ್ಲಿ ಹಾರೆಗೂ ಬಗ್ಗುವುದಿಲ್ಲ. ಯಾರ ಗುಂಡಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಅಜ್ಜನಿಗೆ ಊರಿನ ಸಾವುಗಳೆಲ್ಲ ನೆನಪಿದ್ದವು. ಗೌಡರ ಮನೆಯ ಸಾವಿನಲ್ಲಿ ಮೆರವಣಿಗೆಯ ಮುಂದೆ ಗಂಟೆ ಬಟ್ಟಲು ಹಿಡಿದು ನಡೆಯುವವರೂ ನಮ್ಮವರೇ, ಚಲವಾದಿಗಳು. ಮಠದ ಮೆರವಣಿಗೆಗೂ ಮುಂದೆ ನಾವೇ. ಮುಂದೆ ನಡೆಯುವವರು ಒಳಗೆ ಹೋಗುವ ಹಾಗಿರಲಿಲ್ಲ, ಅಷ್ಟೇ.

ಹೆಣದ ಮೇಲಿನ ಬಟ್ಟೆ ಅಜ್ಜನಿಗೆ ಬರುತ್ತಿತ್ತು. ಪಂಚೆ ಚೆನ್ನಾಗಿದ್ದರೆ ಒಗೆದು ಉಡುತ್ತಿದ್ದ. ಸೀರೆಯಾದರೆ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ನಾನು ಆ ಕೌದಿಯ ಮೇಲೆ ಮಲಗಿ ಬೆಳೆದವನು. ಅದರಲ್ಲಿ ಹಸಿರು ಅಂಚಿನ ಒಂದು ತುಂಡು ನನಗೆ ಬಹಳ ಇಷ್ಟವಾಗಿತ್ತು, ನಿದ್ದೆ ಬರುವತನಕ ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಅದು ಯಾರ ಸೀರೆ ಎಂದು ಎಂ.ಎ. ಓದುವಾಗ ಅಜ್ಜಿಯನ್ನು ಕೇಳಿದೆ. ಅವಳು ಒಂದೊಂದೇ ತುಂಡು ತೋರಿಸಿ ಹೆಸರು ಹೇಳಿದಳು. ನಾಲ್ಕು ಮನೆಯ ಐದು ಸಾವು. ಆ ವರ್ಷವೇ ಪತ್ರಿಕೆಯೊಂದಕ್ಕೆ ಹರಿಶ್ಚಂದ್ರ ಕಾವ್ಯದಲ್ಲಿ ಪ್ರತಿಮೆಗಳು ಎಂದು ನಿಯೋಜಿತ ಪ್ರಬಂಧ ಬರೆದಿದ್ದೆ. ಶವದ ವಸ್ತ್ರ ದೇಹದ ನಶ್ವರತೆಯ ಸಂಕೇತ ಎಂದು ಅದರಲ್ಲಿ ಬರೆದ ನೆನಪು. ಒಳ್ಳೆಯ ಅಂಕ ಬಂದಿತ್ತು.

ರೂಪಕ ಎಂಬುದೂ ಒಂದು ಆಸ್ತಿ ಎಂದು ನನಗೆ ಈಗ ಅನ್ನಿಸುತ್ತದೆ. ಸಾವಿಗೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ. ಲಿಂಗೈಕ್ಯರಾದರು, ಶಿವಾಧೀನರಾದರು, ದೈವಾಧೀನರಾದರು, ವೈಕುಂಠವಾಸಿಯಾದರು. ಮಠದಲ್ಲಿ ಸ್ವಾಮಿಗಳು ಬಯಲಲ್ಲಿ ಬಯಲಾಗುತ್ತಾರೆ. ಮನೆಮನೆಗೆ ಬರುವ ಕಾರ್ಡಿನ ಮೇಲೆ ಶಿವಗಣಾರಾಧನೆ ಎಂದಿರುತ್ತದೆ, ವೈಕುಂಠ ಸಮಾರಾಧನೆ ಎಂದಿರುತ್ತದೆ. ಒಬ್ಬೊಬ್ಬರದೂ ಒಂದೊಂದು ಪಯಣ, ಹೋಗಿ ಸೇರಲು ಒಂದೊಂದು ಊರು. ಕೇರಿಯವನು ಹೋದರೆ ಊರಿನವರು ಏನನ್ನುತ್ತಿದ್ದರು? "ಇಂಥೋನು ಸತ್ನಂತೆ." ಎತ್ತು ಸತ್ತಿತು ಎನ್ನುವ ಅದೇ ಕ್ರಿಯಾಪದ. ಕೈಲಾಸವೂ ಇಲ್ಲ, ವೈಕುಂಠವೂ ಇಲ್ಲ. ನಮ್ಮ ಕಡೆ ಸಾವಿಗೆ ಹೋಗಿ ಬಂದರೆ 'ಮಣ್ಣಿಗೆ ಹೋಗಿದ್ದೆ' ಅನ್ನುತ್ತಾರೆ. ಎಲ್ಲ ಜಾತಿಯವರೂ ಅನ್ನುತ್ತಾರೆ. ಮಣ್ಣನ್ನು ಮಣ್ಣೆಂದೇ ಕರೆದ ಈ ಮಾತಿನಷ್ಟು ನಿಜವಾದ ಮಾತು ನನಗೆ ಸಾಹಿತ್ಯದಲ್ಲಿ ಸಿಕ್ಕಿಲ್ಲ. ಆದರೆ ಮಣ್ಣಿಗೆ ಹೋಗುವವರು ಬೇರೆ, ಮಣ್ಣು ತೋಡುವವರು ಬೇರೆ.

ನಮ್ಮ ತಾಲ್ಲೂಕಿನಲ್ಲಿ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ಹೊನ್ನಾಳಿ, ಚನ್ನಗಿರಿ ಸೀಮೆಯ ಶಾಸನಗಳನ್ನು ರೈಸ್ 1902ರಲ್ಲೇ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುವುದು. ಸಾವಿನ ಪಯಣವನ್ನು ಕಲ್ಲಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆದವರು ಕಡಿಮೆ. ಆ ಮೂರು ಪಟ್ಟಿಯಲ್ಲಿ ನಾನು ಯಾವಾಗಲೂ ಹುಡುಕುವುದು ಹೆಣವನ್ನು ಅಲ್ಲಿಂದ ಎತ್ತಿದವನನ್ನು. ಶಿಲ್ಪಿಗೆ ಅವನು ಬೇಕಾಗಿರಲಿಲ್ಲ, ಅಪ್ಸರೆಯರಿದ್ದರಲ್ಲ.

ರಾಘವಾಂಕನಿಗೆ ಬೇಕಾಗಿದ್ದ. ಅದು ಅವನ ದೊಡ್ಡತನ. ಸುಡುಗಾಡಿನ ಯಜಮಾನನನ್ನು ಹೆಸರಿಟ್ಟು ಕರೆದು, ಮಾತಾಡಿಸಿ, ಸೂರ್ಯವಂಶದವನಿಗೆ ಒಡೆಯನನ್ನಾಗಿ ಮಾಡಿದ. ಆದರೆ ಈ ಕತೆಯಲ್ಲೊಂದು ಮೋಸವೂ ಇದೆ. ಅನಾಮಿಕೆಯರು ನಿಜವಾದ ಹೊಲತಿಯರಲ್ಲ, ಋಷಿ ಹುಟ್ಟಿಸಿದ ಮಾಯೆ. ಇದೇ ಕತೆಯನ್ನು ಹೇಳುವ ಮಾರ್ಕಂಡೇಯ ಪುರಾಣದಲ್ಲಿ ಅರಸನನ್ನು ಕೊಂಡ ಚಂಡಾಲನೂ ಕೊನೆಗೆ ಚಂಡಾಲನಲ್ಲ, ವೇಷ ಹಾಕಿದ ಧರ್ಮದೇವತೆ. ಅರಸ ಒಂದು ಗಳಿಗೆಯೂ ನಿಜವಾಗಿ ಹೊಲೆಯನ ಆಳಾಗಿರಲಿಲ್ಲ ಎಂದು ಪರಂಪರೆ ಸಮಾಧಾನ ಮಾಡಿಕೊಳ್ಳುತ್ತದೆ. ಹಾಗಾದರೆ ಈ ಕತೆಯೊಳಗೆ ಕೇರಿಯ ಮನುಷ್ಯರು ಒಬ್ಬರಾದರೂ ಇದ್ದಾರೆಯೆ? ಅವರ ವೇಷ ಇದೆ, ಕೆಲಸ ಇದೆ, ಮೈಲಿಗೆ ಇದೆ. ಮನುಷ್ಯರು ಇಲ್ಲ. ವಿಶ್ವನಾಥ ಬಂದ ಮೇಲೆ ಅರಸ ಅಯೋಧ್ಯೆಗೆ ಹೊರಡುತ್ತಾನೆ, ಮಗ ಎದ್ದು ಕೂರುತ್ತಾನೆ, ಪಯಣ ಮುಗಿಯುತ್ತದೆ. ಅವನಿಗೆ ಸ್ಮಶಾನ ದಾಟಿ ಹೋಗುವ ದಾರಿ. ನಮ್ಮಜ್ಜನಿಗೆ ಅದು ಊರು. ಮಾರನೆಯ ದಿನ ಹೆಣ ಬಂದರೆ ತೆರೆ ವಸೂಲಿ ಮಾಡುವವರು ಯಾರು ಎಂದು ಕಾವ್ಯ ಹೇಳುವುದಿಲ್ಲ.

ಕಾಶಿಯಲ್ಲಿ ಹರಿಶ್ಚಂದ್ರ ಘಾಟ್ ಇದೆ. ಅಲ್ಲಿ ಹೆಣ ಸುಡುವ ಡೋಮರು ಇದ್ದಾರೆ. ಹರಿಶ್ಚಂದ್ರನನ್ನು ಕೊಂಡವನು ನಮ್ಮ ಪೂರ್ವಿಕ ಎಂದು ಅವರು ಹೇಳಿಕೊಳ್ಳುತ್ತಾರೆ. ಪುರಾಣ ಅವನನ್ನು ದೇವರ ವೇಷ ಮಾಡಿ ಮುಗಿಸಿದರೂ ಅವರು ಅವನನ್ನು ಮನುಷ್ಯನನ್ನಾಗಿಯೇ ಉಳಿಸಿಕೊಂಡಿದ್ದಾರೆ. ಬೆಂಗಳೂರಿನಲ್ಲೂ ಸ್ಮಶಾನಕ್ಕೆ ಹರಿಶ್ಚಂದ್ರ ಘಾಟ್ ಎಂಬ ಹೆಸರಿದೆ. ಕೆಲವು ದಿನ ಆಳಾಗಿದ್ದು ಹೋದವನ ಹೆಸರು. ವೀರಬಾಹು ಘಾಟ್ ಎಂಬುದನ್ನು ನಾನು ಎಲ್ಲೂ ಕೇಳಿಲ್ಲ.

ಅಜ್ಜನಿಗೆ ಗೊತ್ತಿದ್ದ ಕತೆ ಬೇರೆ ಎಂದೆನಲ್ಲ. 1965ರ 'ಸತ್ಯ ಹರಿಶ್ಚಂದ್ರ' ಸಿನಿಮಾವನ್ನು ಅವನು ಹೊನ್ನಾಳಿಯಲ್ಲಿ ನೋಡಿದ್ದ. ಹುಣಸೂರು ಕೃಷ್ಣಮೂರ್ತಿ ತೆಗೆದದ್ದು, ರಾಜಕುಮಾರ್ ಹರಿಶ್ಚಂದ್ರ. ನೋಡಿದವರೆಲ್ಲ ರಾಜಕುಮಾರ್ ಕಷ್ಟಕ್ಕೆ ಅತ್ತರು. ಅಜ್ಜನಿಗೆ ನೆನಪಿದ್ದವನು ವೀರಬಾಹು. ಕುಲದ ಮಾತೆತ್ತಿ ಅವನು ಕುಣಿಯುವ ಹಾಡನ್ನು ಮುದುಕ ಗುಂಡಿ ತೋಡುವಾಗ ಗುನುಗುತ್ತಿದ್ದನಂತೆ. "ಅವ್ನು ರಾಜನ್ನ ಕೊಂಡ್ಕಂಡ್ನಲ್ಲ, ಅವನತ್ರ ದುಡ್ಡೆಷ್ಟಿತ್ತು ಹೇಳು" ಎಂದು ನನ್ನನ್ನು ಕೇಳಿದ್ದ. ನಾನು ಆಗ ನಕ್ಕಿದ್ದೆ. ಈಗ ಅದು ಕಾವ್ಯದ ಬಗ್ಗೆ ನಾನು ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು ಅನ್ನಿಸುತ್ತದೆ. ಅರಸನ ಸಾಲದ ಬಾಕಿ ತೀರಿಸುವಷ್ಟು ಹಣ ಸುಡುಗಾಡಿನವನ ಬಳಿ ಇದ್ದ ಒಂದು ಲೋಕವನ್ನು ಕವಿ ಊಹಿಸಬಲ್ಲವನಾಗಿದ್ದ. ಅಜ್ಜನಿಗೆ ಹೆಣದ ಮುಂದೆ ಇದ್ದದ್ದು ಮೊರದ ಕಾಳು, ಹಳೆ ಪಂಚೆ.

ಅಪ್ಪನಿಗೆ ಈ ಸಿನಿಮಾವೂ ಬೇಡ, ಈ ಹಾಡೂ ಬೇಡ. ಅವನು ಎಂಬತ್ತರ ದಶಕದ ದಲಿತ ಸಂಘರ್ಷ ಸಮಿತಿಯ ಹುಡುಗ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಭಾಷಣ ಕೇಳಲು ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನು. ಹಲಗೆ ಬಡಿಯಬೇಡಿ, ಸತ್ತ ದನ ಎಳೆಯಬೇಡಿ, ಬಿಟ್ಟಿ ಗುಂಡಿ ತೋಡಬೇಡಿ ಎಂಬ ಮಾತನ್ನು ಅವನು ಮನೆಗೆ ತಂದ. ಒಂದು ದಿನ ಊರಿಂದ ಕರೆ ಬಂದಾಗ ಅಜ್ಜನ ಹಾರೆ ಸಲಿಕೆ ಬಚ್ಚಿಟ್ಟ. ಅಪ್ಪ ಮಗನಿಗೆ ಮಾರಾಮಾರಿ ಆಯಿತು. ಅಜ್ಜ ಹೇಳಿದ್ದನ್ನು ಅಪ್ಪ ಇವತ್ತಿಗೂ ನಗುತ್ತಾ ಹೇಳುತ್ತಾನೆ, ನಗು ಪೂರ್ತಿ ಬರುವುದಿಲ್ಲ: "ನಾ ತೋಡ್ದಿದ್ರೆ ಹೆಣ ಅಂಗೇ ಇರ್ತೈತೇನ್ಲೇ? ಅದೂ ಒಂದು ಜೀವ ಇದ್ದದ್ದಲ್ವಾ?" ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದರೆ ಚಳವಳಿಗಾರನಾಗಿ ಅಪ್ಪ ಎನ್ನುತ್ತೇನೆ. ಆದರೆ ಅಜ್ಜನ ಮಾತಿನಲ್ಲಿ ಬಿಟ್ಟಿ ಚಾಕರಿಯನ್ನೂ ಮೀರಿದ ಯಾವುದೋ ಮನುಷ್ಯತ್ವ ಇದೆ. ಅದನ್ನು ಹೀನಾಯ ಎಂದು ತಳ್ಳಿದರೆ ಹರಿಶ್ಚಂದ್ರ ಹುಡುಗಿಯರಿಗೆ ಮಾಡಿದ್ದನ್ನೇ ನಾವೂ ಮಾಡಿದಂತೆ.

ಕಾಯ್ದೆಯ ದಾರಿ ನಿಧಾನ. ಸ್ಮಶಾನಕ್ಕೆ ಹೋಗಗೊಡದಿರುವುದು ಅಪರಾಧ ಎಂದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೇ ಹೇಳಿತ್ತು. ದಲಿತರಿಂದ ಗುಂಡಿ ತೋಡಿಸುವುದು, ಹೆಣ ಹೊರಿಸುವುದು ದೌರ್ಜನ್ಯ ಎಂದು ಬರೆದದ್ದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ. ಜಾರಿಯಾದದ್ದು 2016ರ ಜನವರಿ 26ಕ್ಕೆ. ಅಜ್ಜ ಆಗ ಗುಂಡಿ ತೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸ್ಮಶಾನವೇ ಇಲ್ಲದ ಹಳ್ಳಿಗಳಿಗೆ ಆರು ತಿಂಗಳೊಳಗೆ ಜಾಗ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ನೆಲಹಾಗ ಪಡೆಯುತ್ತಿದ್ದ ಕುಳವಾಡಿಯ ಮೊಮ್ಮಕ್ಕಳು ಹೂಳಲು ನೆಲ ಕೇಳಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೆರಡು ಅರ್ಜಿ ಬರೆದುಕೊಟ್ಟವನೂ ನಾನೇ.

ಅಜ್ಜ ಸತ್ತದ್ದು ಆಮೇಲೆ, ಒಂದು ಆಷಾಢದಲ್ಲಿ. ನಮ್ಮ ಜಾಗ ಹೊಳೆಯ ಅಂಚಿನಲ್ಲಿದೆ. ಅಲ್ಲಿಗೆ ಹೋಗುವ ಕಾಲುದಾರಿ ಒಬ್ಬರ ಹೊಲದ ಬದುವಿನ ಮೇಲೆ. ಆ ವರ್ಷ ಅವರು ಬದುವಿನತನಕ ಮೆಕ್ಕೆಜೋಳ ಹಾಕಿದ್ದರು, ತುಳಿಯಬೇಡಿ ಎಂದರು. ಬೈಯಲಿಲ್ಲ, ಜಗಳವನ್ನೂ ಮಾಡಲಿಲ್ಲ. ಪೈರು ಎಳೇದು ಐತಿ, ಸುತ್ತಿ ಹೋಗ್ರಪ್ಪಾ ಎಂದು ಮೆತ್ತಗೇ ಹೇಳಿದರು. ಅವರ ಅಪ್ಪನ ಗುಂಡಿ ತೋಡಿದವನು ಚಟ್ಟದ ಮೇಲೆ ಇದ್ದ. ನಾವು ಹೊಳೆ ಅಂಚಿಗೆ ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ಸುತ್ತಿ ಹೋದೆವು. ನೀರು ಏರುತ್ತಿತ್ತು. ಹೆಗಲು ಕೊಟ್ಟವರು ಎರಡು ಕಡೆ ಜಾರಿದರು, ಅಪ್ಪ ಚಟ್ಟದ ಕೆಳಗೆ ನುಗ್ಗಿ ಬೆನ್ನು ಕೊಟ್ಟ.

ಗುಂಡಿ ತೋಡಲು ಕೇರಿಯ ಹುಡುಗರು ಯಾರೂ ಬರಲಿಲ್ಲ. ಅವರು ಬರಬಾರದೆಂದು ಮೂವತ್ತು ವರ್ಷ ಹೇಳಿದವನು ಅಪ್ಪನೇ. ಜೆಸಿಬಿಗೆ ಫೋನ್ ಮಾಡಿದೆವು. ಅದಕ್ಕೆ ಹೊಲದವರು ಆ ಕಡೆಯ ಖಾಲಿ ಮಡಿಯಲ್ಲಿ ದಾರಿ ಕೊಟ್ಟರು. ಜೆಸಿಬಿಯವನು ಅವರಿಗೆ ಬೇಕಾದವನು. ಗಂಟೆ ಲೆಕ್ಕದ ಬಾಡಿಗೆ, ಒಂದು ಗಂಟೆಗಿಂತ ಕಡಿಮೆ ಲೆಕ್ಕವಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಪ್ಪ ಅಜ್ಜನ ಪಾದದ ಅಳತೆಗೆಂದು ದಾರ ಹಿಡಿದು ಬಂದಿದ್ದ, ಅದು ಬೇಕಾಗಲಿಲ್ಲ. ಬಕೆಟ್ಟಿನ ಅಗಲ ಎಷ್ಟಿತ್ತೋ ಗುಂಡಿಯ ಅಗಲ ಅಷ್ಟೇ ಆಯಿತು. ದುಡ್ಡು ನಾನು ಕೊಟ್ಟೆ.